ಅಂಬೆಗಾಲಿನ ಆಲೋಚನೆ

(ತುಮಕೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು ಕುಣಿಗಲ್. ಕುದುರೆ ಸಾಕಿ ಬಲ್ಲವರನ್ನು ಕೇಳಿ ನೋಡಿ, ಗಟ್ಟಿಮುಟ್ಟಾದ ಮರಿ ಹುಟ್ಟಿದ ಒಂದು ಗಂಟೆಯ ಆಸುಪಾಸಿನಲ್ಲಿ ಎದ್ದು ನಿಲ್ಲುತ್ತದೆ, ಎರಡು ಗಂಟೆಯೊಳಗೆ ತಾನೇ ಕೆಚ್ಚಲು ಹುಡುಕಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ಅದೇ ಊರಿನ ಆಸ್ಪತ್ರೆಯಲ್ಲಿ ಅದೇ ದಿನ ಹುಟ್ಟಿದ ಕೂಸಿಗೆ ಕತ್ತು ನಿಲ್ಲುವುದಕ್ಕೇ ಮೂರು ನಾಲ್ಕು ತಿಂಗಳು ಬೇಕು. ಕೂರಲು ಆರೇಳು ತಿಂಗಳು. ನಾಲ್ಕು ಹೆಜ್ಜೆ ಹಾಕಲು ಒಂದು ವರ್ಷ. ಈ ನಿಧಾನವನ್ನು ನಾವು ಮನುಷ್ಯರ ಮಕ್ಕಳ ಅಸಹಾಯಕತೆ ಎಂದುಕೊಂಡು ಎತ್ತಿಕೊಂಡೇ ತಿರುಗುತ್ತೇವೆ. ಆ ಒಂದು ವರ್ಷದಲ್ಲಿ ಕೂಸು ಮಾಡುತ್ತಿರುವ ಕೆಲಸವೇ ಇವತ್ತಿನ ನನ್ನ ವಿಷಯ. ಬಾಯಿ, ಕೈ, ಮೊಣಕಾಲು, ಅಂಗಾಲುಗಳಿಂದ ಅದು ತನ್ನ ಬುದ್ಧಿಯನ್ನು ತಾನೇ ಕಟ್ಟಿಕೊಳ್ಳುತ್ತಿರುತ್ತದೆ. ಕೈ ಚಾಚುವುದು, ಹಿಡಿಯುವುದು, ಬೀಳಿಸುವುದು, ಅದರ ಹಿಂದೆ ತೆವಳಿಕೊಂಡು ಹೋಗುವುದು, ಇವೇ ಆ ವಯಸ್ಸಿನ ಯೋಚನೆ.

ಈ ಮಾತನ್ನು ಬಲವಾಗಿ ಹೇಳಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896-1980). ಬಿ.ಇಡಿ. ವಿದ್ಯಾರ್ಥಿಗಳಿಗೆ ಅವರ ನಾಲ್ಕು ಹಂತಗಳು ಬಾಯಿಪಾಠವಾಗಿರುತ್ತವೆ. ಹುಟ್ಟಿನಿಂದ ಸುಮಾರು ಎರಡು ವರ್ಷದವರೆಗಿನದು ಸಂವೇದನಾ ಗತಿ ಹಂತ. ಆದರೆ ಆ ಹಂತದ ಹಿಂದೆ ಒಬ್ಬ ತಂದೆಯ ನೋಟವಿದೆ ಎಂಬುದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಪಿಯಾಜೆ ಮೊದಲು ಕಲಿತದ್ದು ಪ್ರಾಣಿಶಾಸ್ತ್ರ. 1918ರಲ್ಲಿ ಡಾಕ್ಟರೇಟ್ ಪಡೆದದ್ದು ಬಸವನಹುಳು, ಶಂಖದಹುಳುಗಳ ಮೇಲೆ. ಕೆರೆಯಂಚಿನಲ್ಲಿ ಹುಳು ನೋಡುತ್ತಿದ್ದ ಅದೇ ತಾಳ್ಮೆಯಿಂದ ತಮ್ಮ ಮೂವರು ಮಕ್ಕಳನ್ನು ನೋಡಿದರು. 1925ರಲ್ಲಿ ಹುಟ್ಟಿದ ಜಾಕ್ಲೀನ್, 1927ರ ಲೂಸಿಯೆನ್, 1931ರ ಲೋರಾಂ. ಪತ್ನಿ ವಾಲೆಂಟೀನ್ ಜೊತೆಗೂಡಿ ತೊಟ್ಟಿಲ ಪಕ್ಕದಲ್ಲೇ ಟಿಪ್ಪಣಿ ಬರೆದರು. 1936 ಮತ್ತು 1937ರಲ್ಲಿ ಬಂದ ಅವರ ಎರಡು ದೊಡ್ಡ ಪುಸ್ತಕಗಳಲ್ಲಿ ಇರುವುದು ಬಹುಪಾಲು ಈ ಮೂರು ಕೂಸುಗಳೇ.

ಲೂಸಿಯೆನ್‌ಗೆ ಒಂದು ವರ್ಷ ನಾಲ್ಕು ತಿಂಗಳಾಗಿದ್ದಾಗಿನ ಒಂದು ಸಂಗತಿ ಕೇಳಿ. ಅಪ್ಪ ಬೆಂಕಿಪೊಟ್ಟಣದೊಳಗೆ ಗಡಿಯಾರದ ಸರಪಳಿ ಇಟ್ಟು, ಪೊಟ್ಟಣವನ್ನು ಮೂರು ಮಿಲಿಮೀಟರ್ ಸಂದು ಬಿಟ್ಟು ಮುಚ್ಚಿದರು. ಮಗು ಬೆರಳು ತೂರಿಸಿತು, ಆಗಲಿಲ್ಲ. ಕೈ ನಿಂತಿತು. ಆ ಸಂದನ್ನೇ ದಿಟ್ಟಿಸಿ ನೋಡುತ್ತ ತನ್ನ ಬಾಯಿಯನ್ನು ತೆರೆಯಿತು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಮತ್ತೂ ಅಗಲವಾಗಿ. ಅದಾದ ಮೇಲೆ ಬೆರಳನ್ನು ಸಂದಿಗೆ ಹಾಕಿ ಪೊಟ್ಟಣವನ್ನೇ ಎಳೆದು ತೆರೆದು ಸರಪಳಿ ತೆಗೆದುಕೊಂಡಿತು. 'ಇದು ಇನ್ನೂ ಅಗಲವಾಗಬೇಕು' ಎಂದು ಹೇಳಿಕೊಳ್ಳಲು ಆ ಮಗುವಿಗೆ ಮಾತಿರಲಿಲ್ಲ. ಮಾತು ಮಾಡಬೇಕಾದ ಕೆಲಸವನ್ನು ಬಾಯಿಯ ಸ್ನಾಯು ಮಾಡಿತು. ಇಷ್ಟು ವರ್ಷ ಪಾಠ ಹೇಳಿಕೊಂಡು ಬಂದವಳು ನಾನು. ಆಲೋಚನೆ ಹುಟ್ಟುವ ಗಳಿಗೆಯನ್ನು ಇಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ದಾಖಲೆಯನ್ನು ಓದಿಲ್ಲ.

ನಮ್ಮ ಮನೆಗಳಲ್ಲೂ ಇದು ದಿನಾ ನಡೆಯುತ್ತದೆ, ನಿಂತು ನೋಡುವವರಿಲ್ಲ ಅಷ್ಟೆ. ಗುಬ್ಬಿ ಹತ್ತಿರದ ಒಂದು ತೋಟದ ಮನೆಯಲ್ಲಿ ಒಬ್ಬ ಅಜ್ಜಿ ಒಂಬತ್ತು ತಿಂಗಳು ದಾಟಿದ ಮೊಮ್ಮಗನನ್ನು ಚಾಪೆಯ ಮೇಲೆ ಕೂರಿಸಿಕೊಂಡಿದ್ದರು. ಸೌಟನ್ನು ಮೊರದ ಕೆಳಗೆ ಬಚ್ಚಿಟ್ಟರು. ಹುಡುಗ ಮೊರ ಎತ್ತಿ ಸೌಟು ಹಿಡಿದು ಕೇಕೆ ಹಾಕಿದ. ಮತ್ತೆ ಮೊರದ ಕೆಳಗೇ ಇಟ್ಟರು, ಮತ್ತೆ ತೆಗೆದ. ಮೂರನೆಯ ಸಲ ಅವನು ನೋಡುತ್ತಿರುವಂತೆಯೇ ಪಕ್ಕದ ಟವೆಲ್ಲಿನ ಅಡಿ ಇಟ್ಟರು. ಕೈ ಸೀದಾ ಮೊರಕ್ಕೇ ಹೋಯಿತು! ಎತ್ತಿದ, ಸೌಟಿಲ್ಲ, ಮೊರವನ್ನೇ ಎರಡು ಸಲ ಬಡಿದ. "ಅಯ್ಯೋ, ನಿನ್ನ ಕಣ್ಮುಂದೇನೇ ಇಟ್ಟೆನಲ್ಲೋ ನನ್ನಪ್ಪಾ" ಎಂದರು ಅಜ್ಜಿ.

ಪಿಯಾಜೆ ಹತ್ತು ತಿಂಗಳ ಜಾಕ್ಲೀನ್ ಜೊತೆ ಒಂದು ಆಟಿಕೆ ಗಿಳಿ ಇಟ್ಟುಕೊಂಡು ಕಂಡದ್ದೂ ಇದನ್ನೇ. ನಾಲ್ಕೈದು ತಿಂಗಳ ಕೂಸಿನ ಮುಂದಿನ ಗಿಲಕಿಯ ಮೇಲೆ ಬಟ್ಟೆ ಹಾಕಿದರೆ ಅದು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬೇರೆ ಕಡೆ ತಿರುಗುತ್ತದೆ. ಎಂಟು ಒಂಬತ್ತು ತಿಂಗಳಿಗೆ ಬಟ್ಟೆ ಎಳೆದು ಹುಡುಕುತ್ತದೆ, ಆದರೆ ಮೊದಲು ಸಿಕ್ಕಿದ ಜಾಗದಲ್ಲೇ. ವರ್ಷ ತುಂಬುವ ಹೊತ್ತಿಗೆ ಈ ತಪ್ಪು ಹೋಗುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಇದೆ, ತಾನು ತೆಗೆದರೂ ತೆಗೆಯದಿದ್ದರೂ ಇದೆ ಎಂಬ ನೆಚ್ಚಿಕೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅಮ್ಮ ಅಡಿಗೆಮನೆಗೆ ಹೋದರೆ ಆ ವಯಸ್ಸಿನಲ್ಲೇ ಅಳು ಜೋರಾಗುವುದಕ್ಕೂ, ಸೆರಗಿನಲ್ಲಿ ಮುಖ ಮುಚ್ಚಿ ತೆಗೆಯುವ ಆಟ ಎಷ್ಟು ಸಲವಾದರೂ ಬೇಸರ ಬಾರದಿರುವುದಕ್ಕೂ ಇದರ ನಂಟಿದೆ. ಅಮ್ಮ ಕಾಣುತ್ತಿಲ್ಲ, ಆದರೆ ಎಲ್ಲೋ ಇದ್ದಾಳೆ ಎಂದು ಗೊತ್ತಾದ ಕೂಸು ಅಳದೆ ಇನ್ನೇನು ಮಾಡೀತು?

ಆ ಮೊರದ ತಪ್ಪಿಗೆ ಕಾರಣವೇನು? 1999ರಲ್ಲಿ ಅಮೆರಿಕದ ಲಿಂಡಾ ಸ್ಮಿತ್, ಎಸ್ತರ್ ಥೆಲೆನ್ ಮತ್ತು ಜೊತೆಗಾರರು ಒಂದು ಸರಳ ಬದಲಾವಣೆ ಮಾಡಿ ನೋಡಿದರು. ಕೂತು ಆಡುತ್ತಿದ್ದ ಕೂಸನ್ನು, ಜಾಗ ಬದಲಿಸಿ ಬಚ್ಚಿಡುವ ಮುನ್ನ ಎತ್ತಿ ನಿಲ್ಲಿಸಿದರು. ಕೂಸು ಸರಿಯಾದ ಜಾಗಕ್ಕೇ ಕೈ ಹಾಕಿತು. ಹಿಂದಿನ ಸಲ ಕೈ ಚಾಚಿದ್ದರ ನೆನಪು ಕೂತ ಮೈಯಲ್ಲಿತ್ತು. ಮೈಯ ಭಂಗಿ ಬದಲಾದೊಡನೆ ಅದರ ಹಿಡಿತ ಸಡಿಲಾಯಿತು. ನೆನಪೆಂದರೆ ತಲೆಯೊಳಗಿನ ಪೆಟ್ಟಿಗೆ ಎಂಬ ನಮ್ಮ ಎಣಿಕೆಯನ್ನು ಈ ಪ್ರಯೋಗ ಅಲ್ಲಾಡಿಸುತ್ತದೆ.

ಪಿಯಾಜೆ ಹೇಳಿದ್ದೆಲ್ಲ ಹಾಗೇ ಉಳಿದಿಲ್ಲ, ಅದನ್ನೂ ಹೇಳಬೇಕು. 1985ರಲ್ಲಿ ರೆನೆ ಬೆಯರ್ಜಾನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್ಮನ್ ಐದು ತಿಂಗಳ ಕೂಸುಗಳ ಮುಂದೆ ಒಂದು ಹಲಗೆಯನ್ನು ಹಿಂದಕ್ಕೆ ಮಗುಚಿದರು. ಹಲಗೆಯ ಹಿಂದೆ ಪೆಟ್ಟಿಗೆ ಇತ್ತು. ಹಲಗೆ ಅದಕ್ಕೆ ತಾಗಿ ನಿಲ್ಲಬೇಕು, ಆದರೆ ಪೆಟ್ಟಿಗೆಯೇ ಇಲ್ಲವೇನೋ ಎಂಬಂತೆ ಪೂರ್ತಿ ಮಗುಚಿಕೊಂಡಾಗ ಕೂಸುಗಳು ಹೆಚ್ಚು ಹೊತ್ತು ನೋಡಿದವು. ಹಾಗಾದರೆ ಮರೆಯಾದ ಪೆಟ್ಟಿಗೆ ಅಲ್ಲೇ ಇದೆ ಎಂದು ಅವಕ್ಕೆ ಆಗಲೇ ಗೊತ್ತಿತ್ತು ಎಂದು ಒಂದು ಬಣ; ಬರೀ ಹೊಸ ದೃಶ್ಯಕ್ಕೆ ಬೆರಗಾದವು ಎಂದು ಇನ್ನೊಂದು ಬಣ. ವಾದ ಮುಗಿದಿಲ್ಲ. ನನ್ನ ಮಟ್ಟಿಗೆ, ಕಣ್ಣಿಗೆ ಎಟುಕುವ ತಿಳಿವು ಒಂದು, ಕೈಯಾರೆ ಬಳಸಬಲ್ಲ ತಿಳಿವು ಇನ್ನೊಂದು. ಮೊದಲನೆಯದು ಬೇಗ ಬರಬಹುದು. ಅದನ್ನು ಎರಡನೆಯದಾಗಿ ಮಾಡಿಕೊಳ್ಳಲು ಕೂಸು ಒದ್ದಾಡಲೇಬೇಕು.

ಒದ್ದಾಟ ಏಕೆ ಬೇಕು ಎಂಬುದಕ್ಕೆ 1963ರ ಒಂದು ಪ್ರಯೋಗ ನೋಡಿ. ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ಒಂದು ತಿರುಗುವ ತೊಲೆಗೆ ಕಟ್ಟಿದರು. ಒಂದು ಮರಿ ತನ್ನ ಕಾಲಲ್ಲಿ ನಡೆಯುತ್ತದೆ. ಇನ್ನೊಂದು ಬುಟ್ಟಿಯೊಳಗೆ ಕೂತು ಅದರ ನಡಿಗೆಯಿಂದಲೇ ಸುತ್ತುತ್ತದೆ. ಎರಡರ ಕಣ್ಣಿಗೂ ಬೀಳುವುದು ಒಂದೇ ಗೆರೆಗಳು, ಒಂದೇ ಬೆಳಕು. ಕೊನೆಗೆ ನಡೆದ ಮರಿ ಹಳ್ಳ ಕಂಡರೆ ಹಿಂಜರಿಯಿತು, ಏನಾದರೂ ಮುಖದ ಹತ್ತಿರ ಬಂದರೆ ಕಣ್ಣು ಮಿಟುಕಿಸಿತು. ಬುಟ್ಟಿಯಲ್ಲಿ ಕೂತ ಮರಿಗೆ ಇವೆರಡೂ ಬರಲಿಲ್ಲ.

ಅದೇ ಹೆಲ್ಡ್ ಹಲವು ದಶಕಗಳ ನಂತರ ನಮ್ಮ ದೇಶದ ಮಕ್ಕಳ ಬಳಿಗೆ ಬಂದರು. ಪವನ್ ಸಿನ್ಹಾ ದೆಹಲಿಯಲ್ಲಿ ನಡೆಸುವ 'ಪ್ರಕಾಶ್' ಯೋಜನೆ ಹುಟ್ಟಿನಿಂದ ಕಣ್ಣಿನ ಪೊರೆ ಇದ್ದು ಕುರುಡಾಗಿಯೇ ಬೆಳೆದ ಬಡ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಎಂಟರಿಂದ ಹದಿನೇಳು ವರ್ಷದ ಐದು ಮಕ್ಕಳಿಗೆ, ಕಟ್ಟು ಬಿಚ್ಚಿದ ಕೂಡಲೇ ಒಂದು ಆಟದ ದಿಮ್ಮಿಯನ್ನು ಮುಟ್ಟಲು ಕೊಟ್ಟು, ಎದುರಿಗಿಟ್ಟ ಎರಡರಲ್ಲಿ ಅದು ಯಾವುದು ಎಂದು ಕಣ್ಣಿನಿಂದ ಗುರುತಿಸಲು ಹೇಳಿದರು. ಕೈ ಬಲ್ಲ ಆಕಾರವನ್ನು ಕಣ್ಣು ಗುರುತಿಸಲಿಲ್ಲ. ಹೆಚ್ಚುಕಡಿಮೆ ಊಹೆಯಷ್ಟೇ ಉತ್ತರ ಬಂತು. ಆದರೆ ಕೆಲವೇ ದಿನ ನೋಡುತ್ತ, ಮುಟ್ಟುತ್ತ ಓಡಾಡಿದ ಮೇಲೆ ಚೆನ್ನಾಗಿ ಹೇಳಿದರು. ಕೈ ಬಲ್ಲ ಆಕಾರವನ್ನು ಹೊಸದಾಗಿ ನೋಟ ಪಡೆದ ಕಣ್ಣು ಗುರುತಿಸೀತೇ ಎಂದು 1688ರಲ್ಲಿ ಐರ್ಲೆಂಡಿನ ಮಾಲಿನೋ ತತ್ವಜ್ಞಾನಿ ಲಾಕ್‌ಗೆ ಪತ್ರ ಬರೆದು ಕೇಳಿದ್ದ ಪ್ರಶ್ನೆಗೆ 2011ರಲ್ಲಿ ಉತ್ತರ ಕೊಟ್ಟವರು ಈ ಮಕ್ಕಳು. ಕಣ್ಣು ಕಂಡದ್ದನ್ನೂ ಕೈ ಮುಟ್ಟಿದ್ದನ್ನೂ ಸೇರಿಸಿ ಹೊಲಿಯುವ ಕೆಲಸವನ್ನು ನಮ್ಮ ಕೂಸುಗಳು ಚಾಪೆಯ ಮೇಲೆ ಸದ್ದಿಲ್ಲದೆ ಮಾಡಿ ಮುಗಿಸುತ್ತವೆ.

ಅದಕ್ಕೆ ಬಾಯಿಯೂ ಬೇಕು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕೂಸನ್ನು ಗದರಬೇಡಿ. ತುಟಿ, ನಾಲಿಗೆಗಳು ಆ ವಯಸ್ಸಿನಲ್ಲಿ ಬೆರಳಿಗಿಂತ ಚುರುಕು. ಆದರೆ ಗುಬ್ಬಿ ಸೀಮೆಯ ತಾಯಂದಿರಿಗೆ ಒಂದು ಮಾತು. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳು ಕೂಡಿ ನೆಲದ ಮೇಲಿನ ಒಂದು ಕಾಳನ್ನು ಎತ್ತುವ ಚಾಕಚಕ್ಯತೆ ಬರುತ್ತದೆ. ಇದು ದೊಡ್ಡ ಗೆಲುವು. ಅಡಿಕೆ ಸುಲಿಯುವ ಕಾಲದಲ್ಲಿ ಅಂಗಳದ ತುಂಬ ಅಡಿಕೆ ಚೂರು, ಪಕ್ಕದಲ್ಲೇ ಕತ್ತಿ. ಸಿರಾ, ಪಾವಗಡದ ಕಡೆ ಆದರೆ ಕಡಲೆಕಾಯಿ ಬೀಜ. ಇವು ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಕೂಸನ್ನು ಕಟ್ಟಿಹಾಕಬೇಡಿ, ಜಾಗ ಬೇರೆ ಮಾಡಿ. ಮುಷ್ಟಿಯಲ್ಲಿ ಹಿಡಿಯಬಹುದಾದ, ನುಂಗಲಾಗದ ಸಾಮಾನು ಕೊಡಿ. ಸ್ಟೀಲ್ ಲೋಟ, ಮರದ ಸೌಟು, ತೊಳೆದ ತೆಂಗಿನ ಚಿಪ್ಪು, ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪ್ರಮೀಳಾ ಫಾಟಕ್ ಭಾರತೀಯ ಶಿಶುಗಳಿಗಾಗಿ ರೂಪಿಸಿದ ಅಳತೆಪಟ್ಟಿಯಲ್ಲಿ ಚಲನೆಗೆ 67, ಬುದ್ಧಿಗೆ 163 ಅಂಶಗಳಿವೆ. ಅದರ ಪೆಟ್ಟಿಗೆ ತೆರೆದರೆ ಕಾಣುವುದು ದಾರ ಕಟ್ಟಿದ ಬಳೆ, ಬಟ್ಟಲು, ಮರದ ತುಂಡುಗಳು. ಇದಕ್ಕಿಂತ ದುಬಾರಿ ಸಾಮಾನು ಕೂಸಿನ ಬುದ್ಧಿಗೆ ಬೇಕಿಲ್ಲ.

ಇನ್ನು ನಡಿಗೆ. ನ್ಯೂಯಾರ್ಕಿನ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ಆಡಲು ಬಿಟ್ಟರೆ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತಾರೆ, 17 ಸಲ ಬೀಳುತ್ತಾರೆ. ಅವರದೇ ಇನ್ನೆರಡು ಅಧ್ಯಯನಗಳು ನನಗೆ ಹೆಚ್ಚು ಮುಖ್ಯ. ಕೂತಾಗ ಎಷ್ಟು ದೂರಕ್ಕೆ ಬಾಗಿದರೆ ಬೀಳುತ್ತೇನೆ ಎಂದು ಕಲಿತ ಕೂಸು, ಅಂಬೆಗಾಲು ಹಾಕಲು ತೊಡಗಿದಾಗ ಅದೇ ಅಂತರದ ಕಂದಕಕ್ಕೆ ಸೀದಾ ನುಗ್ಗುತ್ತದೆ. ಅಂಬೆಗಾಲಿನಲ್ಲಿ ಇಳಿಜಾರಿನ ಎಚ್ಚರ ಕಲಿತ ಮಗು, ನಡೆಯಲು ಶುರುಮಾಡಿದ ಮೇಲೆ ಅದೇ ಇಳಿಜಾರಿನಲ್ಲಿ ಮುಗ್ಗರಿಸುತ್ತದೆ. ಒಂದೊಂದು ಭಂಗಿಗೂ ಜಗತ್ತನ್ನು ಮತ್ತೆ ಮೊದಲಿನಿಂದ ಅಳೆಯಬೇಕು. ಮಂಚದಿಂದ ಒಮ್ಮೆ ಬಿದ್ದಿದ್ದಾನೆ, ಇನ್ನು ಬುದ್ಧಿ ಬಂದಿದೆ ಎಂದು ನೆಚ್ಚಿಕೊಂಡು ಯಾರೂ ಕೂರಬೇಡಿ.

ಬೋರಲು ಬಿದ್ದರೆ, ಹೊಸಿಲು ದಾಟಿದರೆ ಸಿಹಿ ಮಾಡಿ ಹಂಚುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವ ಅಜ್ಜಿಯರಿದ್ದಾರೆ. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಗೌರವ ಸಂದದ್ದು ಅಂಥ ಸಾವಿರಾರು ಕೈಗಳಿಗೆ ಎಂದು ನಾನು ನಂಬಿದ್ದೇನೆ. ಆ ಕೈ ಕೂಸಿನ ಮೈಗೆ ತನ್ನ ಎಲ್ಲೆ ಎಲ್ಲಿದೆ ಎಂದು ತಿಳಿಸುತ್ತದೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದೊಂದನ್ನು ನಿಲ್ಲಿಸಿದರೆ ಸಾಕು.

ಆದರೆ ತುಮಕೂರಿನ ಇವತ್ತಿನ ಮನೆ ಬೇರೆ. ವಸಂತನರಸಾಪುರದ ಕಾರ್ಖಾನೆಗೆ ಹೋಗುವವರ ಬಾಡಿಗೆ ಕೋಣೆಗಳನ್ನು ಕಣ್ಣಾರೆ ಕಂಡಿದ್ದೇನೆ. ಒಂದೇ ಕೋಣೆಯಲ್ಲಿ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು. ಕೂಸು ಮಂಚದ ಮೇಲೆ, ಇಲ್ಲವೇ ವಾಕರಿನಲ್ಲಿ, ಇಲ್ಲವೇ ಮೊಬೈಲಿನ ಮುಂದೆ. ತಾಯಿಯದು ಉದಾಸೀನವಲ್ಲ, ಅವಳಿಗೆ ಒಲೆಯ ಭಯ. ಆದರೂ ಹೇಳಬೇಕಾದ್ದನ್ನು ಹೇಳಬೇಕು. ವಾಕರಿನಿಂದ ಬೇಗ ನಡೆಯುವುದಿಲ್ಲ, ಬಿದ್ದು ತಲೆಗೆ ಪೆಟ್ಟಾಗುವುದು ಹೆಚ್ಚು. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು. ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು. ಇನ್ನೂ ತೆವಳದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಬಿಡಬೇಕು. ಮೊಬೈಲಿನ ಪರದೆಯಲ್ಲಿ ಓಡುವ ಬಣ್ಣ ಕೂಸಿನ ಕೈಗೆ ತಿರುಗಿ ಏನನ್ನೂ ಹೇಳುವುದಿಲ್ಲ. ತೂಕವಿಲ್ಲ, ತಣ್ಣಗಿಲ್ಲ, ಬೀಳಿಸಿದರೆ ಉರುಳುವುದಿಲ್ಲ.

ಕೈಕಾಲು ಆಡಿಸಲು ಮೈಯಲ್ಲಿ ಕಸುವೂ ಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಕೋಸ್ಟರಿಕಾದಲ್ಲಿ ಬೆಟ್ಸಿ ಲೋಜಾಫ್ ನಡೆಸಿದ ಅಧ್ಯಯನಗಳಲ್ಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನವಾದ ಕೂಸುಗಳು ತಾಯಿಯ ಮಗ್ಗುಲು ಬಿಟ್ಟು ಹೋಗುವುದು, ಸಾಮಾನು ಮುಟ್ಟಿ ನೋಡುವುದು ಕಡಿಮೆಯಾಗಿ ಕಂಡಿತು. 'ನಮ್ಮ ಮಗು ತುಂಬಾ ಸಾಧು, ಕೂರಿಸಿದಲ್ಲೇ ಕೂತಿರುತ್ತದೆ' ಎಂಬ ಹೊಗಳಿಕೆ ಕೇಳಿದಾಗ ನನ್ನ ಎದೆ ಧಸಕ್ಕೆನ್ನುತ್ತದೆ. ರಾಗಿ ಬೆಳೆಯುವ ಜಿಲ್ಲೆ ನಮ್ಮದು. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಸೊಪ್ಪು, ಬೇಳೆ, ತಿನ್ನುವವರಾದರೆ ಮೊಟ್ಟೆ, ಜೊತೆಗೆ ಆರೋಗ್ಯ ಇಲಾಖೆ ಕೊಡುವ ಕಬ್ಬಿಣಾಂಶದ ಸಿರಪ್ಪು. ಸಿರಪ್ಪಿನಿಂದ ಮಲ ಕಪ್ಪಗಾದರೆ ಹೆದರಬೇಕಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸಾರ್ವಜನಿಕವಾಗಿ ನಾವು ಈ ವಯಸ್ಸಿಗೆ ಏನು ಕೊಟ್ಟಿದ್ದೇವೆ? 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ಕರ್ನಾಟಕದ ಮೊದಲ ಯೋಜನೆ ತಿ. ನರಸೀಪುರದಲ್ಲಿ ಆರಂಭವಾಯಿತು. ಅಂದಿನಿಂದಲೂ ಅಂಗನವಾಡಿಯ ನೆಲದ ಮೇಲೆ ಕೂತು ಕಲಿಯುವವರು ಮೂರರಿಂದ ಆರು ವರ್ಷದ ಮಕ್ಕಳು. ಮೂರರೊಳಗಿನವರಿಗೆ ಪುಷ್ಟಿ ಪುಡಿ, ತೂಕ, ಲಸಿಕೆಯ ನೆನಪು. ಅಂಗನವಾಡಿಯಲ್ಲೇ ಎಲ್‌ಕೆಜಿ ಬೇಕೆಂದು ಸಭೆಗಳಾಗುತ್ತವೆ. ತೆವಳುವ ಕೂಸಿಗೆ ಜಾಗ ಬೇಕೆಂದು ಸಭೆಯಾದದ್ದು ನಾನು ಕಂಡಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ 'ನವಚೇತನ' ಎಂಬ ಮಾರ್ಗಸೂಚಿ ತಂದಿದೆ. ಮನೆಭೇಟಿಯಲ್ಲಿ ತಾಯಿಗೆ ಯಾವ ತಿಂಗಳಲ್ಲಿ ಯಾವ ಆಟ ತೋರಿಸಬೇಕು ಎಂಬುದೆಲ್ಲ ಅದರಲ್ಲಿದೆ, ಚೆನ್ನಾಗಿದೆ. ಆದರೆ ಅದೇ ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ರಿಜಿಸ್ಟರು, ಮೊಬೈಲ್ ಆ್ಯಪ್, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲವನ್ನೂ ಇಟ್ಟು ಇದನ್ನೂ ಮಾಡು ಎಂದರೆ ನಡೆಯುವುದಿಲ್ಲ. ಈ ಸಭೆಯಲ್ಲಿ ಕೂತಿರುವ ಅವರ ಪರವಾಗಿ ನಾನು ಗಟ್ಟಿಯಾಗಿ ಕೇಳುತ್ತೇನೆ, ಆ ಕೆಲಸಗಳಲ್ಲಿ ಅರ್ಧವನ್ನು ಅವರ ತಲೆಯಿಂದ ಇಳಿಸಿ.

ರಾಜ್ಯದ 2023-24ರ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 'ಕೂಸಿನ ಮನೆ' ಘೋಷಿಸಿತು. ಹೆಸರಿನಷ್ಟೇ ಒಳ್ಳೆಯ ಯೋಜನೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಎಂದು ಕಾನೂನೇ ಹೇಳುತ್ತದೆ. ತೊಟ್ಟಿಲ ಸಾಲು ಇಟ್ಟು ಬಾಗಿಲು ಹಾಕಿದರೆ ಕೂಸಿನ ಮನೆ ಆಗುವುದಿಲ್ಲ. ದಿನಾ ಒರೆಸಿದ ನೆಲ, ಹಿಡಿದು ನಿಲ್ಲಲು ಗೋಡೆಗೆ ಅಡ್ಡ ಪಟ್ಟಿ, ಹತ್ತಿ ಇಳಿಯಲು ಎರಡು ಮೆಟ್ಟಿಲು, ಒಂದು ಬುಟ್ಟಿ ಪಾತ್ರೆಪಗಡಿ, ಮೂರು ನಾಲ್ಕು ಕೂಸಿಗೊಬ್ಬರಂತೆ ನೆಲದ ಮೇಲೆ ಕೂರುವ ಮನುಷ್ಯರು. ನಿಮ್ಮ ಪಂಚಾಯಿತಿಯ ಸದಸ್ಯರು ಓಟು ಕೇಳಲು ಬಂದಾಗ ಈ ಪಟ್ಟಿ ಓದಿ ಹೇಳಿ.

ಕಾರ್ಯಕರ್ತೆಯೊಬ್ಬರು ಚೀಟಿ ಕಳಿಸಿದ್ದಾರೆ: ಎಲ್ಲಿಯವರೆಗೆ ಕಾಯಬೇಕು, ಯಾವಾಗ ಆಸ್ಪತ್ರೆಗೆ ಕಳಿಸಬೇಕು? ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಕೊಟ್ಟ ಲೆಕ್ಕದಲ್ಲಿ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ತಾನೇ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಹಾಕದೆಯೇ ನಡೆದುಬಿಟ್ಟವು, ಅದಕ್ಕೆ ಚಿಂತೆ ಬೇಡ. ಪಕ್ಕದ ಮನೆಯ ಮಗುವಿಗೆ ಹೋಲಿಸುವುದೂ ಬೇಡ. ಆದರೆ ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಜೋರು ಸದ್ದಿಗೂ ಬೆಚ್ಚದಿದ್ದರೆ, ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಹತ್ತಕ್ಕೂ ಕೂರದಿದ್ದರೆ, ಹದಿನೆಂಟಕ್ಕೂ ನಡೆಯದಿದ್ದರೆ, ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸುತ್ತ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟಿದ್ದರೆ, ಕಲಿತದ್ದನ್ನು ಯಾವ ವಯಸ್ಸಿನಲ್ಲಾದರೂ ಮರೆತರೆ, ಕಾಯಬೇಡಿ. ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ತಿಂಗಳನ್ನು ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಿ. ಅಂಥ ಕೂಸಿನ, ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿನ ಕಣ್ಣಿನ ಹಿಂಪರದೆಯನ್ನು ಹುಟ್ಟಿದ ಮೂವತ್ತು ದಿನದೊಳಗೆ ತೋರಿಸಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಕಾರ್ಯಕ್ರಮದಿಂದ ಈ ಪರೀಕ್ಷೆ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡ ನಿಮ್ಮ ಅಂಗನವಾಡಿಗೆ ಬಂದಾಗ ಅವರ ಮುಂದೆ ಮಗುವನ್ನು ನೆಲಕ್ಕೆ ಬಿಟ್ಟು ತೋರಿಸಿ, ಮಡಿಲಲ್ಲಿಟ್ಟು ತೋರಿಸಬೇಡಿ. 'ಇವರಪ್ಪನೂ ತಡವಾಗಿಯೇ ನಡೆದದ್ದು' ಎಂದು ಮನೆಯ ಹಿರಿಯರು ಹೇಳಬಹುದು. ಅದು ನಿಜವೂ ಇರಬಹುದು. ಪರೀಕ್ಷೆ ಮಾಡಿದ ಮೇಲೆ ವೈದ್ಯರು ಆ ಮಾತು ಹೇಳಲಿ.